ಅನ್ನವಿಲ್ಲದ ಬುತ್ತಿ

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಮುಗಿಯಿತು ಅಂದ್ರೆ ಪುಣೆಯ ಸ್ವಾರ್‌ಗೇಟ್ ಬಸ್ ಸ್ಟ್ಯಾಂಡಿನಲ್ಲಿ ಶನಿವಾರ ಬೆಳಗ್ಗೆ ಒಂದು ನೋಟ ಕಾಣುತ್ತದೆ. ಬೆನ್ನಿಗೆ ದೊಡ್ಡ ಚೀಲ, ಅದಕ್ಕೆ ನೇತುಬಿದ್ದ ಪಾತ್ರೆ, ಕಾಲಿಗೆ ಬೂಟು. ಯಾವುದೋ ಗಡ, ಅಂದ್ರೆ ಬೆಟ್ಟದ ಮೇಲಿನ ಕೋಟೆ, ಹತ್ತಲು ಹೊರಟವರು. ಆ ಚೀಲ ಬಿಚ್ಚಿದರೆ ನೂಡಲ್ಸ್, ಚಿವಡಾ, ಭಾಕರವಡಿ, ಗ್ಲೂಕೋಸ್ ಬಿಸ್ಕತ್ತು. ನಾನು ವಿಜಯಪುರದ ಕಡೆಯವನು, ಹಾಗಾಗಿ ನನ್ನ ಚೀಲದಲ್ಲಿ ಇವೆಲ್ಲದರ ಮೇಲೆ ಒಂದು ಡಬ್ಬಿ ಮೊಸರು ಬುತ್ತಿಯೂ ಇರುತ್ತಿತ್ತು.

ನಾಲ್ಕು ವರ್ಷದ ಹಿಂದೆ ಡಾಕ್ಟರು ರಕ್ತದ ರಿಪೋರ್ಟ್ ನೋಡಿ, "ಸಕ್ಕರೆ ಬಾಗಿಲ ತನಕ ಬಂದಿದೆ, ಅನ್ನ-ಹಿಟ್ಟು ಕಡಿಮೆ ಮಾಡಿ" ಅಂದರು. ಮನೆಯಲ್ಲಿ ಕಡಿಮೆ ಮಾಡುವುದು ಸುಲಭ. ಗಡದ ಮೇಲೆ ಏನು ತಿನ್ನೋದು?

ಮೊದಲ ಸಲ ನಾನು ಮಾಡಿದ್ದು ಶುದ್ಧ ದಡ್ಡತನ. ರಾಜಗಡಕ್ಕೆ ಹೊರಡುವ ಮೂರು ದಿನ ಮೊದಲು ಅನ್ನ, ಚಪಾತಿ, ಸಕ್ಕರೆ ಎಲ್ಲ ಒಂದೇ ಏಟಿಗೆ ಬಿಟ್ಟೆ. ಗುಂಜವಣೆಯಿಂದ ಚೋರ್ ದರವಾಜಾ ಕಡೆ ಏರುವ ದಾರಿ ಗೊತ್ತಲ್ವಾ? ಕೊನೆಗೆ ಬಂಡೆ ಹಿಡಿದೇ ಹತ್ತಬೇಕು. ಅಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು, ತೊಡೆಗಳಲ್ಲಿ ನಡುಕ. ದಾರಿಬದಿಯಲ್ಲಿ ಮಜ್ಜಿಗೆ ಮಾರುತ್ತಿದ್ದ ಮಾವಶಿ ನನ್ನ ಮುಖ ನೋಡಿ, ಕೇಳದೇ ಎರಡು ಚಿಟಿಕೆ ಉಪ್ಪು ಜಾಸ್ತಿ ಹಾಕಿ ಲೋಟ ಕೈಗಿಟ್ಟಳು. ಎರಡು ಲೋಟ ಕುಡಿದೆ. ಅರ್ಧ ಗಂಟೆಯಲ್ಲಿ ತಲೆ ಹಗುರಾಯಿತು.

ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ಸ್ನಾಯು, ಯಕೃತ್ತಿನಲ್ಲಿ ಪಿಷ್ಟದ (ಕಾರ್ಬೋಹೈಡ್ರೇಟ್) ಒಂದು ಗಂಟು ಇರುತ್ತದೆ, ಗ್ಲೈಕೋಜನ್ ಅಂತ. ಅದರ ಒಂದೊಂದು ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಪಿಷ್ಟ ಬಿಟ್ಟ ಮೊದಲ ದಿನಗಳಲ್ಲಿ ಗಂಟು ಕರಗುತ್ತದೆ, ನೀರೂ ಹೋಗುತ್ತದೆ. ಇನ್ಸುಲಿನ್ ಇಳಿದಾಗ ಮೂತ್ರಪಿಂಡ ಉಪ್ಪನ್ನೂ ಹೊರಗೆ ಬಿಡುತ್ತದೆ. ಅದರ ಮೇಲೆ ಬೆವರು. ತಲೆ ಸಿಡಿಯದೆ ಇನ್ನೇನಾಗುತ್ತದೆ? ಆದ್ದರಿಂದ ಈ ಊಟ ಹೊಸದಾಗಿ ಶುರು ಮಾಡುವವರು ಎರಡು ಮೂರು ವಾರ ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಆಮೇಲೆ ಗಡ.

ಇನ್ನು ಚೀಲದ ಮಾತು. ನಾನು ಮೊದಲು ಅಂಗಡಿಗಳಲ್ಲಿ ದುಬಾರಿ ಪ್ರೋಟೀನ್ ಬಾರ್ ಹುಡುಕಿದೆ. ನನ್ನ ಹೆಂಡತಿ ನಕ್ಕು, "ಏನ್ರಿ, ಕಟ್ಟೆ ಮ್ಯಾಲೆ ಮೂರು ಡಬ್ಬಿ ಹಿಂಡಿ ಅದಾವಲ್ರಿ" ಅಂದಳು. ನಿಜವೇ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಹಿಂಡಿ ಅಂದ್ರೆ ಚಟ್ನಿಪುಡಿ. ನಾವು ಇವನ್ನು ರೊಟ್ಟಿಗೆ ನಂಚಿಕೊಳ್ಳಲು ಅಂತ ತಿಳಿದಿದ್ದೆವು, ಆದರೆ ಇಲ್ಲಿ ಇವೇ ಊಟ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, 49 ಗ್ರಾಂ ಕೊಬ್ಬು, ಪಿಷ್ಟ ಬರೀ 16 ಗ್ರಾಂ, ಅದರಲ್ಲೂ ಅರ್ಧ ನಾರು. ಅಗಸಿಯಲ್ಲಂತೂ ಪಿಷ್ಟ ಅಂತ ಲೆಕ್ಕ ಹಾಕುವುದೆಲ್ಲ ಹೆಚ್ಚುಕಡಿಮೆ ನಾರೇ. ಒಂದೇ ಮಾತು, ಹಿಂಡಿ ಕುಟ್ಟುವಾಗ ಬೆಲ್ಲ ಹಾಕಬೇಡಿ. ನೀರೂ ಜಾಸ್ತಿ ಒಯ್ಯಿರಿ. ಇಷ್ಟು ನಾರು ತಿಂದು ನೀರು ಕುಡಿಯದಿದ್ದರೆ ಮರುದಿನ ಬೆಳಗ್ಗೆ ಗೊತ್ತಾಗುತ್ತದೆ.

ತುಪ್ಪ ಇನ್ನೊಂದು. ಒಂದು ಗ್ರಾಂ ಪಿಷ್ಟಕ್ಕೆ ನಾಲ್ಕು ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ ಒಂಬತ್ತು. ಬೆನ್ನ ಮೇಲೆ ಹೊರುವವನಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಆದರೆ ಡಿಸೆಂಬರಿನ ರಾತ್ರಿ ಗಡದ ಮೇಲೆ ತುಪ್ಪ ಕಲ್ಲಾಗುತ್ತದೆ. ಸಣ್ಣ ಬಾಯಿಯ ಬಾಟಲಿ ಒಯ್ದು, ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡುತ್ತ ಕೂತವನು ನಾನು. ಅಗಲ ಬಾಯಿಯ ಡಬ್ಬಿ ಇರಲಿ, ಚಮಚ ಇಳಿಯುವಷ್ಟು.

ರಾತ್ರಿ ಊಟಕ್ಕೆ ಎಲೆಕೋಸು. ಅರ್ಧ ಗಡ್ಡೆ ಪೇಪರಿನಲ್ಲಿ ಸುತ್ತಿಟ್ಟರೆ ಎರಡು ದಿನ ಏನೂ ಆಗುವುದಿಲ್ಲ. ಅದನ್ನು ಉದ್ದುದ್ದ, ನೂಡಲ್ಸಿನ ಹಾಗೇ ಸಣ್ಣಗೆ ಹೆಚ್ಚಿ. ಸಣ್ಣ ಗ್ಯಾಸ್ ಒಲೆಯ ಮೇಲೆ ತುಪ್ಪ, ಒಂದಿಷ್ಟು ಹಸಿಮೆಣಸಿನಕಾಯಿ, ಎಲೆಕೋಸು. ಮೆತ್ತಗಾಗುತ್ತಿದ್ದಂತೆ ಎರಡು ಮೊಟ್ಟೆ ಒಡೆದು ಹಾಕಿ ಕೈಯಾಡಿಸಿ. ಮೇಲೆ ನೂಡಲ್ಸ್ ಮಸಾಲೆ ಉದುರಿಸಿದರೆ ಪಕ್ಕದವರು ತಿರುಗಿ ನೋಡುತ್ತಾರೆ, ವಾಸನೆ ಅದೇ ಅಲ್ವಾ! ಒಂದು ಸಣ್ಣ ಪೊಟ್ಟಣ ನೂಡಲ್ಸಿನಲ್ಲಿ ಸುಮಾರು 40 ಗ್ರಾಂ ಪಿಷ್ಟ, 100 ಗ್ರಾಂ ಎಲೆಕೋಸಿನಲ್ಲಿ ಆರು.

ಮೊಟ್ಟೆ ಹೇಗೆ ಒಯ್ಯೋದು ಅಂತ ಕೇಳುತ್ತೀರಿ. ಧಾನ್ಯದಲ್ಲಿ ಹುದುಗಿಸಿದರೆ ಒಡೆಯಲ್ಲ ಅಂತ ಅಜ್ಜಿ ಹೇಳುತ್ತಿದ್ದಳು. ನಾನು ಬುದ್ಧಿವಂತಿಕೆ ಮಾಡಿ ಶೇಂಗಾ ಹಿಂಡಿಯ ಡಬ್ಬಿಯಲ್ಲೇ ಹುದುಗಿಸಿದೆ. ಒಂದು ಒಡೆಯಿತು. ಎರಡು ದಿನದ ಹಿಂಡಿ ಪೂರ್ತಿ ಹೋಯಿತು. ಈಗ ಒಂದೊಂದು ಮೊಟ್ಟೆಗೂ ಪೇಪರ್ ಸುತ್ತಿ, ಅಡುಗೆ ಪಾತ್ರೆಯೊಳಗೆ ಬಟ್ಟೆ ತುರುಕಿ ಇಡುತ್ತೇನೆ. ಬೇಯಿಸಿದ ಮೊಟ್ಟೆಯಾದರೆ ಸಿಪ್ಪೆ ತೆಗೆಯದೆ ಒಯ್ದು ಮೊದಲ ತಿಂಡಿಗೇ ಮುಗಿಸಿ. ಪನೀರೂ ಅಷ್ಟೇ, ಮಧ್ಯಾಹ್ನದ ಬಿಸಿಲಿನ ತನಕ ಇಡಬೇಡಿ.

ಮುಂಬೈಯಿಂದ ಬರುವ ನಮ್ಮ ಮಂಗಳೂರಿನ ಗೆಳೆಯರು ಒಣ ಸಿಗಡಿ ಚಟ್ನಿ ತರುತ್ತಾರೆ. ತೂಕವಿಲ್ಲ, ಬೇಗ ಕೆಡುವುದಿಲ್ಲ, ಪ್ರೋಟೀನ್ ಹೆಚ್ಚು. ಆದರೆ ಟೆಂಟಿನೊಳಗೆ ಡಬ್ಬಿ ತೆರೆಯಬೇಡಿ ಅಂತ ಅವರಿಗೆ ಕೈಮುಗಿದು ಹೇಳಿದ್ದೇನೆ. ಬಾದಾಮಿ, ಕೊಬ್ಬರಿ ಹೋಳು ಜೇಬಿನಲ್ಲಿರಲಿ. ಗೋಡಂಬಿ ಸ್ವಲ್ಪ ಕಡಿಮೆ, ಅದರಲ್ಲಿ ಪಿಷ್ಟ ಹೆಚ್ಚು.

ಸಿಂಹಗಡದ ಮೇಲೆ ಪಿಠ್ಲಾ-ಭಾಕರಿ, ಮಡಕೆ ಮೊಸರು ಸಿಗುತ್ತದೆ. ಪಿಠ್ಲಾ ಅಂದ್ರೆ ನಮ್ಮ ಜುಣಕವೇ, ಭಾಕರಿ ಅಂದ್ರೆ ರೊಟ್ಟಿ. ಕಡಲೆಹಿಟ್ಟಿನಲ್ಲಿ ಪಿಷ್ಟ ಇದೆ, ಆದರೆ ಒಬ್ಬರ ಪಾಲಿಗೆ ಬೀಳುವ ಹಿಟ್ಟು ಒಂದು ಹಿಡಿ. ಪಿಠ್ಲಾ, ಮೊಸರು ಹೊಟ್ಟೆ ತುಂಬ ತಿಂದು, ಭಾಕರಿ ಅರ್ಧ ಮುರಿದುಕೊಳ್ಳುತ್ತೇನೆ. ಪೂರ್ತಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನನ್ನ ಡಬ್ಬಿಯಲ್ಲೂ ಎರಡು ಖಡಕ್ ರೊಟ್ಟಿ ಇರುತ್ತವೆ, ಜೋಳದ ರೊಟ್ಟಿ ಇಲ್ಲದ ಹಿಂಡಿ ನನಗೆ ಸೇರುವುದಿಲ್ಲ.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಊಟದಲ್ಲಿ ಪಿಷ್ಟ ಇಳಿಸಿ, ಔಷಧ ಅಷ್ಟೇ ಇಟ್ಟು ಗಡ ಹತ್ತಿದರೆ ಸಕ್ಕರೆ ಒಮ್ಮೆಲೇ ಬೀಳಬಹುದು. ಬಿಪಿ ಇದ್ದವರು ಉಪ್ಪಿನ ವಿಷಯವನ್ನೂ ಕೇಳಿಕೊಳ್ಳಿ. ಮತ್ತೆ, ಏನೇ ಬಿಟ್ಟರೂ ಎರಡು ಉಂಡೆ ಬೆಲ್ಲ ಚೀಲದ ಮೇಲಿನ ಜೇಬಿನಲ್ಲಿರಲಿ.

ನನ್ನ ಬೆಲ್ಲ ಎಷ್ಟೋ ಸಲ ಹಾಗೇ ಮನೆಗೆ ವಾಪಸು ಬಂದಿದೆ. ಖರ್ಚಾದದ್ದು ಒಮ್ಮೆ. ರಾಜಗಡದ ಬಾಲೆಕಿಲ್ಲಾ, ಅಂದ್ರೆ ತುದಿಯ ಒಳಕೋಟೆ, ಇಳಿಯುವಾಗ ಕಾಲೇಜು ಹುಡುಗನೊಬ್ಬ ಬಿಳಿಚಿಕೊಂಡು ಬಂಡೆಗೆ ಒರಗಿ ಕೂತಿದ್ದ. ಏಕಾದಶಿ, ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಂದ. ಎರಡೂ ಉಂಡೆ ಕೊಟ್ಟೆ, ನೀರು ಕೊಟ್ಟೆ. ಹತ್ತು ನಿಮಿಷ ಕೂತು ಎದ್ದವನು, ನಾವು ಕೆಳಗೆ ಬರುವಷ್ಟರಲ್ಲಿ ಮಜ್ಜಿಗೆ ಅಂಗಡಿ ಮುಂದೆ ಕೂತು ನಮಗೂ ಸೇರಿಸಿ ನಾಲ್ಕು ಲೋಟ ಹೇಳಿದ್ದ.

ನಮಸ್ಕಾರ.