ಗಲ್ಲಾದ ಶಿಲ್ಕು, ಕಂಪ್ಯೂಟರಿನ ಶಿಲ್ಕು

(ಕಲಬುರಗಿಯಲ್ಲಿ ಬಿ.ಕಾಂ. ವಿದ್ಯಾರ್ಥಿಗಳು ಮತ್ತು ಸಣ್ಣ ವ್ಯಾಪಾರಿಗಳ ಎದುರು ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ. ಈ ಊರಿನ ಗಂಜ್‌ನಲ್ಲಿ ಲೆಕ್ಕ ಬರೆಯುತ್ತಾ ನನಗೆ ಇಪ್ಪತ್ತೆರಡು ವರ್ಷ ಆಯಿತು. ಭಾಷಣದ ಅಭ್ಯಾಸ ಇಲ್ಲ. ಅದಕ್ಕೆ ಒಂದು ಗಲ್ಲಾದ ಕಥೆಯಿಂದಲೇ ಶುರು ಮಾಡುತ್ತೇನೆ.

ಒಂದು ಮಾರ್ಚ್ ತಿಂಗಳು. ತೊಗರಿ ವ್ಯಾಪಾರದ ಅಂಗಡಿಯೊಂದರ ಲೆಕ್ಕ, ಟ್ಯಾಲಿ ಅನ್ನುವ ಸಾಫ್ಟ್‌ವೇರಿನಲ್ಲಿ ಬರೆದದ್ದು, ನನ್ನ ಕೈಗೆ ಬಂತು. ಕಂಪ್ಯೂಟರ್ ಕ್ಲಾಸ್ ಮುಗಿಸಿದ ಹುಡುಗನೊಬ್ಬ ವರ್ಷವಿಡೀ ಎಂಟ್ರಿ ಮಾಡಿದ್ದ. ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಪೈಸೆಗೆ ಪೈಸೆ ಸರಿ. ಸಾವುಕಾರರು ಅದನ್ನು ತೋರಿಸಿ, "ಎಲ್ಲಾ ಟ್ಯಾಲಿ ಆಗ್ಯದ ನೋಡ್ರಿ" ಅಂದರು. ನಾನು ಕ್ಯಾಶ್ ಲೆಡ್ಜರ್ ತೆಗೆದು, ದಿನದಿನದ ಶಿಲ್ಕು, ಅಂದರೆ ಕೈಯಲ್ಲಿ ಉಳಿದ ರೊಕ್ಕ, ನೋಡುತ್ತಾ ಹೋದೆ. ಜನವರಿ 17ಕ್ಕೆ ಬಂದಾಗ ಮೈನಸ್ 18,400 ರೂಪಾಯಿ.

"ಸಾವ್ಕಾರ್ರ, ಅವತ್ತು ನಿಮ್ಮ ಗಲ್ಲಾದಾಗ ಮೈನಸ್ ರೊಕ್ಕ ಇತ್ತೇನ್ರಿ?"

"ಏನ್ ಹೇಳ್ತೀರಿ? ನಾನೇ ಎಣಿಸಿ ಇಟ್ಟೀನಿ. ಬರದೂ ಇಟ್ಟೀನಿ."

ನಿಜವಾಗಿಯೂ ಬರೆದಿಟ್ಟಿದ್ದರು. ಅಂಗಿ ಜೇಬಿನ ಸಣ್ಣ ನೋಟ್‌ಬುಕ್ಕಿನಲ್ಲಿ ಜನವರಿ 17ರ ಸಂಜೆಗೆ 26,600 ಅಂತ ಇತ್ತು. ಗಲ್ಲಾದಲ್ಲಿ ಸೊನ್ನೆ ಇರಬಹುದು. ಸೊನ್ನೆಗಿಂತ ಕಡಿಮೆ ರೊಕ್ಕ ಇರುವ ಗಲ್ಲಾ ನೀವು ಎಲ್ಲಾದರೂ ನೋಡಿದ್ದೀರಾ?

ಬ್ಯಾಂಕ್ ಪಾಸ್‌ಬುಕ್ ಹಿಡಿದು ಕೂತೆವು. ಜನವರಿ 12ಕ್ಕೆ ಬ್ಯಾಂಕಿನಿಂದ 50,000 ತೆಗೆದಿದ್ದರು. ಟ್ಯಾಲಿಯಲ್ಲಿ ಅದು 21ನೇ ತಾರೀಖಿಗೆ ಕೂತಿತ್ತು. ಹುಡುಗ 12 ಒತ್ತುವ ಬದಲು 21 ಒತ್ತಿದ್ದ. ಅದನ್ನು ಸರಿ ಮಾಡಿದ ಮೇಲೆ 17ರ ಶಿಲ್ಕು 31,600 ಆಯಿತು. ನೋಟ್‌ಬುಕ್ಕಿಗಿಂತ 5,000 ಜಾಸ್ತಿ. ಸಾವುಕಾರರು ಸ್ವಲ್ಪ ಹೊತ್ತು ಸುಮ್ನೆ ಕೂತು, ಆಮೇಲೆ ನಕ್ಕರು. ಸಂಕ್ರಾಂತಿಗೆ ಮನೆಗೆ ಐದು ಸಾವಿರ ಕೊಟ್ಟಿದ್ದರು. ಹುಡುಗನಿಗೆ ಹೇಳಿರಲಿಲ್ಲ.

ಬ್ಯಾಲೆನ್ಸ್ ಶೀಟ್ ಇದನ್ನು ಯಾಕೆ ಹಿಡಿಯಲಿಲ್ಲ? ತಪ್ಪು ತಾರೀಖಿನ ಎಂಟ್ರಿಗೂ ಎರಡು ಕಡೆ ಇರುತ್ತವೆ. ಬರೆಯದೇ ಬಿಟ್ಟ ಎಂಟ್ರಿ ಎರಡೂ ಕಡೆಯಿಂದ ಬಿಟ್ಟು ಹೋಗಿರುತ್ತದೆ. ಹಾಗಾಗಿ ತಕ್ಕಡಿ ಅಲುಗಾಡುವುದೇ ಇಲ್ಲ. ಗಲ್ಲಾ ಎಣಿಸಿದರೆ ಮಾತ್ರ ಇದು ಸಿಗುತ್ತದೆ.

ನಮ್ಮ ಹಳೇ ಮುನೀಮರಿಗೆ, ಅಂದರೆ ಅಂಗಡಿ ಲೆಕ್ಕ ಬರೆಯುವವರಿಗೆ, ಇದು ಗೊತ್ತಿತ್ತು. ಅವರ ಕೀರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ನೋಡಿದವರು ಇಲ್ಲಿ ಒಂದಿಬ್ಬರಾದರೂ ಇರಬಹುದು. ಮೇಲೆ ಆರಂಭದ ಶಿಲ್ಕು. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಯಾರಿಂದ ಬಂತೋ ಅವರ ಹೆಸರಿಗೆ ಜಮಾ, ಯಾರಿಗೆ ಹೋಯಿತೋ ಅವರ ಹೆಸರಿಗೆ ಖರ್ಚು. ಸಂಜೆ ಕೂಡಿಸಿ, ಕಳೆದು, ಆಖೈರು ಶಿಲ್ಕು ಬರೆಯಬೇಕು. ಗಲ್ಲಾದ ರೊಕ್ಕ ಅದಕ್ಕೆ ಹೊಂದುವ ತನಕ ಅಂಗಡಿಗೆ ಬೀಗ ಬೀಳುತ್ತಿರಲಿಲ್ಲ. ಎರಡು ರೂಪಾಯಿ ವ್ಯತ್ಯಾಸಕ್ಕೆ ಒಂದು ತಾಸು ಹುಡುಕುವುದು ಹುಚ್ಚು ಅಂತ ಹುಡುಗನಾಗಿದ್ದಾಗ ನನಗೆ ಅನಿಸುತ್ತಿತ್ತು. ಆ ಎರಡು ರೂಪಾಯಿ ಅಂದರೆ, ಬರೆಯದೇ ಬಿಟ್ಟ 500 ಬಂದು 498 ಹೋದದ್ದೂ ಆಗಿರಬಹುದು ಅಂತ ಆಮೇಲೆ ತಿಳಿಯಿತು. ಬಿಜ್ಜಳನ ಬೊಕ್ಕಸದಲ್ಲಿ ಕರಣಿಕರಾಗಿ ಸೇರಿ ಭಂಡಾರಿಯಾದ ಬಸವಣ್ಣನವರ ಕಲ್ಯಾಣ ಇಲ್ಲೇ ಪಕ್ಕದ ಬೀದರ ಜಿಲ್ಲೆಯಲ್ಲಿದೆ. ಲೆಕ್ಕ ಬರೆಯುವ ಕೆಲಸ ಸಣ್ಣದು ಅಂತ ಯಾರಾದರೂ ಅಂದರೆ ನಾನು ಅವರ ಹೆಸರು ಹೇಳಿ ಸುಮ್ಮನಾಗುತ್ತೇನೆ.

ಟ್ಯಾಲಿಯ ಡೇ ಬುಕ್ ಅಂದರೆ ಆ ಕೀರ್ದಿಯೇ. ಲೆಡ್ಜರ್ ಅಂದರೆ ಖಾತೆ ಪುಸ್ತಕ. ನಾನು ಟ್ಯಾಲಿ ಅನ್ನುತ್ತಿರುವುದು ನಮ್ಮ ಕಡೆ ಅದೇ ಜಾಸ್ತಿ ಇರುವುದರಿಂದ. ಬೆಂಗಳೂರಿನಲ್ಲಿ 1986ರಲ್ಲಿ ತಂದೆ ಮಗ ಇಬ್ಬರೂ ಸೇರಿ ಶುರು ಮಾಡಿದ ಕಂಪನಿ ಅದು. ಅವರ ಸ್ವಂತ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗದೆ ತಾವೇ ಮಾಡಿಕೊಂಡರು. ನೀವು ಬ್ಯುಸಿ ಬಳಸಿ, ಝೋಹೋ ಬಳಸಿ, ಫೋನಿನಲ್ಲಿ ಯಾವುದಾದರೂ ಆ್ಯಪ್ ಬಳಸಿ. ನಾನು ಹೇಳುವುದು ಎಲ್ಲಕ್ಕೂ ಹೊಂದುತ್ತದೆ.

ಈಗ ಅಂಗಡಿಯ ಒಂದು ದಿನ ತೆಗೆದುಕೊಳ್ಳೋಣ. ಬೆಳಿಗ್ಗೆ ಬ್ಯಾಂಕಿನಿಂದ ಒಂದು ಲಕ್ಷ ತಂದಿರಿ. ರೊಕ್ಕ ನಿಮ್ಮದೇ, ಜಾಗ ಮಾತ್ರ ಬದಲಾಯಿತು. ಇದು ಕಾಂಟ್ರಾ, ಟ್ಯಾಲಿಯಲ್ಲಿ ಎಫ್ 4 ಕೀಲಿ. ಅಡತಿ ಅಂಗಡಿಯಿಂದ ಕ್ವಿಂಟಲ್‌ಗೆ 8,000ದಂತೆ ಹತ್ತು ಕ್ವಿಂಟಲ್ ತೊಗರಿ ಉದ್ರಿ ಬಂತು. 80,000 ರೂಪಾಯಿಯ ಪರ್ಚೇಸ್, ಎಫ್ 9. ರೊಕ್ಕ ಕೊಟ್ಟಿಲ್ಲ, ಹಾಗಾಗಿ ಕ್ಯಾಶ್ ಮುಟ್ಟಲೇಬೇಡಿ. ಅಡತಿಯವರ ಖಾತೆಗೆ ಜಮಾ. ಹಮಾಲರಿಗೆ 1,200 ನಗದು ಕೊಟ್ಟಿರಿ. ಪೇಮೆಂಟ್, ಎಫ್ 5. ಸೊಲ್ಲಾಪುರದ ಪಾರ್ಟಿಗೆ ಬೇಳೆ ಹೋಯಿತು. ಸೇಲ್ಸ್, ಎಫ್ 8. ಹೋದ ತಿಂಗಳ ಬಾಕಿ ಬಂತು. ರಿಸೀಪ್ಟ್, ಎಫ್ 6. ಉಳಿದದ್ದು ಜರ್ನಲ್, ಎಫ್ 7. ಗೊತ್ತಾಗದ್ದನ್ನೆಲ್ಲ ಜರ್ನಲ್‌ಗೆ ತುಂಬುವ ಚಟ ಕೆಲವರಿಗೆ ಇದೆ. ಅದನ್ನು ಮೊದಲ ದಿನವೇ ಬಿಡಿ.

ಕೀಲಿಗಳು ಒಂದು ವಾರದಲ್ಲಿ ಬಾಯಿಪಾಠ ಆಗುತ್ತವೆ. ನಮ್ಮ ಹುಡುಗರು ನಿಜವಾಗಿ ಎಡವುವುದು ಬೇರೆ ಕಡೆ.

ಮೊದಲನೆಯದು ಬ್ಯಾಂಕು. "ನಿಮ್ಮ ಖಾತೆಗೆ 10,000 ಕ್ರೆಡಿಟ್ ಆಗಿದೆ" ಅಂತ ಮೆಸೇಜ್ ಬರುತ್ತದೆ. ಹುಡುಗ ಅದನ್ನು ನೋಡಿ ಬ್ಯಾಂಕ್ ಲೆಡ್ಜರ್ ಕ್ರೆಡಿಟ್ ಮಾಡಿಬಿಡುತ್ತಾನೆ. ಆ ಮೆಸೇಜ್ ಬಂದದ್ದು ಬ್ಯಾಂಕಿನ ಪುಸ್ತಕದಿಂದ. ಅವರ ಪುಸ್ತಕದಲ್ಲಿ ನೀವು ರೊಕ್ಕ ಕೊಟ್ಟವರು, ಅದಕ್ಕೆ ನಿಮ್ಮ ಹೆಸರಿಗೆ ಜಮಾ, ಅಂದರೆ ಕ್ರೆಡಿಟ್. ನಿಮ್ಮ ಪುಸ್ತಕದಲ್ಲಿ ಬ್ಯಾಂಕು ರೊಕ್ಕ ಇಸಕೊಂಡದ್ದು, ಅದಕ್ಕೆ ಬ್ಯಾಂಕಿನ ಹೆಸರಿಗೆ ಡೆಬಿಟ್, ಕೀರ್ದಿಯ ಭಾಷೆಯಲ್ಲಿ ಖರ್ಚು. ನೀವು ಗೆಳೆಯನಿಗೆ ಕೈಗಡ ಕೊಟ್ಟರೆ ನಿಮ್ಮ ಡೈರಿಯಲ್ಲಿ "ಬರಬೇಕು" ಅಂತ, ಅವನ ಡೈರಿಯಲ್ಲಿ "ಕೊಡಬೇಕು" ಅಂತ ಇರುತ್ತದೆ, ಅಲ್ವಾ? ಅಷ್ಟೇ. ಇದು ತಲೆಗೆ ಹೋದ ಮೇಲೆ ಡೆಬಿಟ್ ಕ್ರೆಡಿಟ್ ಯಾವತ್ತೂ ಮರೆಯುವುದಿಲ್ಲ.

ಎರಡನೆಯದು ಯುಪಿಐ. ಗಿರಾಕಿ ಕೌಂಟರಿನಲ್ಲೇ 4,600 ಕೊಟ್ಟ, ಫೋನಿನಲ್ಲಿ. ಉದ್ರಿ ಅಲ್ಲ ಅಂತ ಹುಡುಗ ಕ್ಯಾಶ್ ಸೇಲ್ ಮಾಡಿದ. ದಿನಾ ಹೀಗೇ ನಡೆದರೆ ತಿಂಗಳ ಕೊನೆಗೆ ಕಂಪ್ಯೂಟರಿನಲ್ಲಿ ಲಕ್ಷಗಟ್ಟಲೆ ಕ್ಯಾಶ್ ಇರುತ್ತದೆ, ಗಲ್ಲಾದಲ್ಲಿ ಚಿಲ್ಲರೆ ಮಾತ್ರ. ಯುಪಿಐ ಅಂದರೆ ನಗದಲ್ಲ, ಬ್ಯಾಂಕು. ಬ್ಯಾಂಕ್ ಲೆಡ್ಜರಿಗೇ ಹಾಕಿ.

ಇನ್ನೊಂದು ನಮ್ಮೂರ ಚಾಳಿ ಇದೆ. ಕ್ಯೂಆರ್ ಕೋಡ್ ಅಂಗಡಿಯದಲ್ಲ, ಮಗನ ಉಳಿತಾಯ ಖಾತೆಯದು! ವ್ಯಾಪಾರದ ರೊಕ್ಕ, ಮಗ ಗೆಳೆಯರಿಂದ ವಾಪಸ್ ಪಡೆದ ಕೈಗಡ, ಅಕ್ಕನ ಮನೆಯಿಂದ ಬಂದ ರೊಕ್ಕ, ಎಲ್ಲಾ ಒಂದೇ ಕಡೆ. 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪಿದೆಯಲ್ಲ. ಎಷ್ಟೋ ಅಂಗಡಿಗಳವರು ಹೆದರಿ ಕ್ಯೂಆರ್ ಬೋರ್ಡ್ ಕಿತ್ತಿಟ್ಟರು. ಬೋರ್ಡ್ ಕಿತ್ತಿಟ್ಟರೆ ಹಳೇ ಲೆಕ್ಕ ಎಲ್ಲಿ ಹೋಗುತ್ತದೆ? ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಖಾತೆಗೆ ಬಂದದ್ದರಲ್ಲಿ ವ್ಯಾಪಾರ ಎಷ್ಟು, ಕೈಗಡ ಎಷ್ಟು, ತೆರಿಗೆಯೇ ಇಲ್ಲದ ಹಾಲು ತರಕಾರಿ ಎಷ್ಟು ಅಂತ ಅಧಿಕಾರಿ ಎದುರು ತೋರಿಸಲು ದಿನದ ಎಂಟ್ರಿ ಬೇಕು. ಅಂಗಡಿಗೆ ಒಂದು ಕರೆಂಟ್ ಅಕೌಂಟ್ ಮಾಡಿಸಿ, ಕ್ಯೂಆರ್ ಅದಕ್ಕೇ ಜೋಡಿಸಿ. ಇದಕ್ಕೆ ಸಾಫ್ಟ್‌ವೇರ್ ಕೂಡ ಬೇಕಿಲ್ಲ.

ಮೂರನೆಯದು ಮನೆ ಖರ್ಚು. ಸಂಕ್ರಾಂತಿಯ ಆ ಐದು ಸಾವಿರದ ಜಾತಿಯದು. ಸಾವುಕಾರರ ಮನಸ್ಸಿನಲ್ಲಿ ಗಲ್ಲಾ ತಮ್ಮದು, ಅದರಿಂದ ತೆಗೆದದ್ದನ್ನು ಯಾರಿಗೆ ಹೇಳಬೇಕು? ನಿಜ, ರೊಕ್ಕ ಅವರದೇ. ಆದರೆ ಪುಸ್ತಕ ಅಂಗಡಿಯದು. ಅಂಗಡಿ ಸಾವುಕಾರರನ್ನೂ ಒಬ್ಬ ಪಾರ್ಟಿ ಅಂತಲೇ ನೋಡುತ್ತದೆ. ಅವರು ಹಾಕಿದ್ದು ಕ್ಯಾಪಿಟಲ್, ತೆಗೆದದ್ದು ಡ್ರಾಯಿಂಗ್ಸ್. ಮಕ್ಕಳ ಫೀ, ಮನೆಯ ಗ್ಯಾಸ್, ಮದುವೆಯ ಮುಯ್ಯಿ, ಎಲ್ಲಾ ಡ್ರಾಯಿಂಗ್ಸ್. ಮನೆಗೆ ಹತ್ತು ಕಿಲೋ ಬೇಳೆ ಹೋದರೂ ಡ್ರಾಯಿಂಗ್ಸೇ, ಅಲ್ಲಿ ಸ್ಟಾಕ್ ಕೂಡ ಕಡಿಮೆ ಮಾಡಬೇಕು. ಇದನ್ನು ಅಂಗಡಿ ಖರ್ಚಿನಲ್ಲಿ ಸೇರಿಸಿದರೆ ಲಾಭ ಸುಳ್ಳಾಗುತ್ತದೆ. ಬರೆಯದೇ ಬಿಟ್ಟರೆ ಕ್ಯಾಶ್ ಸುಳ್ಳಾಗುತ್ತದೆ. ಅಕೌಂಟೆಂಟ್ ಹುಡುಗರಿಗೆ ಒಂದು ಮಾತು: ಸಾವುಕಾರರನ್ನು ಕೇಳಲು ನಾಚಬೇಡಿ. ಸಂಜೆ ಬೀಗ ಹಾಕುವ ಮೊದಲು, "ಮನಿಗಿ ಏನರೆ ತಗೊಂಡಿರೇನ್ರಿ?" ಅಂತ ಒಂದು ಮಾತು ಸಾಕು. ಬೈದರೆ ಬೈಸಿಕೊಳ್ಳಿ.

ಉದ್ರಿ ವಸೂಲಿಯಲ್ಲೂ ಒಂದು ಗಂಟು ಇದೆ. ನಮ್ಮ ಕಡೆ ಯಾರೂ ಬಿಲ್ ಪ್ರಕಾರ ಕೊಡುವುದಿಲ್ಲ. ಮೂರು ಬಿಲ್ ಬಾಕಿ ಇರುವಾಗ 50,000 ತಂದು ಕೊಟ್ಟು, "ಜಮಾ ಮಾಡ್ಕೋರಿ" ಅಂದು ಹೋಗುತ್ತಾರೆ. ಟ್ಯಾಲಿ ಕೇಳುತ್ತದೆ, ಯಾವ ಬಿಲ್ಲಿಗೆ? ಹುಡುಗ "ಆನ್ ಅಕೌಂಟ್", ಅಂದರೆ ಯಾವ ಬಿಲ್ಲಿಗೂ ಜೋಡಿಸದೆ, ಅಂತ ಒತ್ತಿ ಮುಂದೆ ಹೋಗುತ್ತಾನೆ. ವರ್ಷದ ಕೊನೆಗೆ ಯಾವ ಬಿಲ್ ಎಷ್ಟು ದಿನದಿಂದ ಬಾಕಿ ಅಂತ ಹೇಳಲು ಬರುವುದಿಲ್ಲ. ನೀವು ಕೊಡುವ ಬಾಕಿಗೂ ಇದು ಮುಖ್ಯ. ಮಾಲು ಕೊಟ್ಟದ್ದು ನೋಂದಾಯಿತ ಸಣ್ಣ ಕೈಗಾರಿಕೆ ಆಗಿದ್ದರೆ 15 ದಿನದಲ್ಲಿ ರೊಕ್ಕ ಕೊಡಬೇಕು, ಬರಹದಲ್ಲಿ ಕರಾರು ಇದ್ದರೆ ಹೆಚ್ಚೆಂದರೆ 45 ದಿನ. ತಡವಾಗಿ ಮಾರ್ಚ್ 31 ದಾಟಿದರೆ ಆ ವರ್ಷ ಅದನ್ನು ಖರ್ಚು ಅಂತ ಆದಾಯ ತೆರಿಗೆಯವರು ಒಪ್ಪುವುದಿಲ್ಲ. ಹಾಗಾಗಿ ಪಾರ್ಟಿ ಇನ್ನೂ ಅಂಗಡಿಯಲ್ಲಿ ಕೂತಿರುವಾಗಲೇ ಕೇಳಿ, ಇದು ಯಾವ ಬಿಲ್ಲಿಂದು ಅಂತ.

ಇನ್ನು ನರೇಶನ್. ಎಂಟ್ರಿಯ ಕೆಳಗೆ ಇರುವ ಆ ಖಾಲಿ ಜಾಗ. ಹತ್ತರಲ್ಲಿ ಒಂಬತ್ತು ಜನ ಅಲ್ಲಿ "ನಗದು ಕೊಟ್ಟದ್ದು" ಅಂತ ಬರೆಯುತ್ತಾರೆ. ನಗದು ಕೊಟ್ಟದ್ದು ಮೇಲೇ ಕಾಣುತ್ತಿದೆಯಲ್ಲ! ಅಲ್ಲಿ ಬೇಕಾದದ್ದು ಯಾರಿಗೆ, ಯಾತಕ್ಕೆ ಅನ್ನುವುದು. ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಅದು ಆದಾಯ ತೆರಿಗೆಯಲ್ಲಿ ಖರ್ಚಾಗಿ ನಿಲ್ಲುವುದಿಲ್ಲ ಅಂತ ನಿಯಮ ಇದೆ. ಆದರೆ ಬೆಳೆದ ರೈತನಿಗೇ ಅವನ ಬೆಳೆಗೆ ಕೊಟ್ಟ ನಗದಿಗೆ ವಿನಾಯಿತಿ ಇದೆ. ನಮ್ಮ ಜಿಲ್ಲೆಯ ವ್ಯಾಪಾರ ಇದರ ಮೇಲೇ ನಡೆಯುತ್ತದೆ. ಆದರೆ ತೊಗರಿಗೆ ಕೊಟ್ಟ 24,000 ರೈತನಿಗೇ ಹೋಯಿತು ಅಂತ ನಾಲ್ಕು ವರ್ಷದ ನಂತರ ಹೇಗೆ ತೋರಿಸುತ್ತೀರಿ? "ಆಳಂದ ತಾಲ್ಲೂಕಿನ ರೈತ, ತೊಗರಿ 3 ಕ್ವಿಂಟಲ್, ಪಟ್ಟಿ ನಂಬರ್ ಇಷ್ಟು" ಅಂತ ಬರೆದಿದ್ದರೆ, ಜೊತೆಗೆ ಅವರ ಸಹಿ ಇರುವ ಪಟ್ಟಿ ಫೈಲಿನಲ್ಲಿದ್ದರೆ, ತೋರಿಸಬಹುದು. ಹೀಗೆ ಬರೆಯಲು ಅರ್ಧ ನಿಮಿಷ ಸಾಕು.

ಜಿಎಸ್‌ಟಿ ಬಗ್ಗೆ ಮಾತಾಡಿದರೆ ರಾತ್ರಿ ಆಗುತ್ತದೆ. ಬೇಳೆಯವರಿಗೆ ಒಂದೇ ವಿಷಯ ಹೇಳುತ್ತೇನೆ. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದು ಅನ್ನುವ ಗುರುತು, ಬಂದ ಮೇಲೆ ಒಂದು ಕಿಲೋ ಪ್ಯಾಕೆಟ್ ಮಾಡಿ ಹೆಸರು ಹಾಕಿ ಮಾರುವ ಆಸೆ ಹಲವರಿಗೆ ಬಂದಿದೆ. ಒಳ್ಳೆಯದೇ. ಆದರೆ 2022ರ ಜುಲೈ 18ರಿಂದ ಲೇಬಲ್ ಹಾಕಿದ 25 ಕಿಲೋ ತನಕದ ಪ್ಯಾಕೆಟ್ಟಿಗೆ ಶೇ 5 ತೆರಿಗೆ. 50 ಕಿಲೋ ಚೀಲಕ್ಕೆ ಇಲ್ಲ. ಬೇಳೆ ಒಂದೇ, ತೆರಿಗೆ ಎರಡು. ಸ್ಟಾಕ್ ಐಟಂ ಮಾಡುವಾಗಲೇ ಇವೆರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಹತ್ತಿ ವ್ಯಾಪಾರದವರು ಇದ್ದರೆ, ರೈತನಿಂದ ಹತ್ತಿ ಕೊಂಡಾಗ ತೆರಿಗೆ ಕಟ್ಟಬೇಕಾದವರು ಕೊಂಡ ನೀವೇ ಅನ್ನುವುದು ನೆನಪಿರಲಿ.

ಕೊನೆಯದಾಗಿ ತಿದ್ದುವ ವಿಷಯ. ಕೀರ್ದಿಯಲ್ಲಿ ತಪ್ಪಾದರೆ ಮುನೀಮರು ಅಳಿಸುತ್ತಿರಲಿಲ್ಲ. ಕೆಂಪು ಶಾಯಿಯ ಗೆರೆ ಎಳೆದು, ಪಕ್ಕದಲ್ಲಿ ಬರೆದು, ಸಹಿ ಮಾಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಆ ಶಿಸ್ತು ಹೋಯಿತು. ಯಾವ ಎಂಟ್ರಿಯನ್ನಾದರೂ ಗುರುತೇ ಸಿಗದಂತೆ ಅಳಿಸಬಹುದಾಯಿತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಮಟ್ಟಿಗೆ ಕಾನೂನು ಬದಲಾಗಿದೆ. ಯಾವ ಎಂಟ್ರಿ, ಯಾವಾಗ ತಿದ್ದಿದ್ದು, ಏನು ತಿದ್ದಿದ್ದು ಅನ್ನುವ ಎಡಿಟ್ ಲಾಗ್ ಉಳಿಯುವ ಸಾಫ್ಟ್‌ವೇರನ್ನೇ ಅವರು ಬಳಸಬೇಕು. ನಿಮ್ಮದು ಕಂಪನಿ ಅಲ್ಲದಿದ್ದರೂ ಅದನ್ನು ಹಾಕಿಕೊಳ್ಳಿ ಅಂತ ನನ್ನ ಸಲಹೆ. ಜೊತೆಗೆ ಬ್ಯಾಕಪ್. ನಮ್ಮ ಮೇ ತಿಂಗಳ ಬಿಸಿಲು, ಹೋಗಿ ಬರುವ ಕರೆಂಟು, ಇವೆರಡರ ಮಧ್ಯೆ ಹಾರ್ಡ್ ಡಿಸ್ಕನ್ನು ನಂಬಿ ಕೂರಬೇಡಿ.

ಆ ಸಾವುಕಾರರ ಅಂಗಡಿಯಲ್ಲಿ ಈಗ ಸಂಜೆ ಏಳಕ್ಕೆ ಹುಡುಗ ಕಂಪ್ಯೂಟರಿನ ಶಿಲ್ಕು ಓದುತ್ತಾನೆ, ಅವರು ಗಲ್ಲಾ ಎಣಿಸುತ್ತಾರೆ. ಹೊಂದದಿದ್ದರೆ ಇಬ್ಬರೂ ಕೂತು ಹುಡುಕುತ್ತಾರೆ. ಜೇಬಿನ ನೋಟ್‌ಬುಕ್ ಮಾತ್ರ ಇನ್ನೂ ಬಿಟ್ಟಿಲ್ಲ.

ಸರಿ, ಬಿಲ್ಲು ಚೀಟಿ ತನ್ನಿ ಅಂತ ಹೇಳಿದ್ದೆ. ಮೊದಲ ಸಾಲಿನವರು ಇಲ್ಲಿಗೆ ಕೊಡಿ, ಒಂದೊಂದಾಗಿ ಪರದೆ ಮೇಲೆ ಹಾಕೋಣ. ತಮ್ಮಾ, ನೀನು ಕೀಬೋರ್ಡ್ ತಗೋ. ಮೊದಲು ಎಫ್ 2 ಒತ್ತಿ ತಾರೀಖು ನೋಡು.