97ರಿಂದ ಭಾಗಿಸಿದರೆ 1 ಉಳಿಯಬೇಕು

ಕೇಳುಗರಿಗೆ ನಮಸ್ಕಾರ.

ನಾನು ಬ್ಯಾಂಕಿನ ವಿದೇಶಿ ವಿನಿಮಯ ಕೌಂಟರಿನಲ್ಲಿ ಬಹಳ ವರ್ಷ ಕೂತವನು. ಒಂದು ಮಧ್ಯಾಹ್ನ ಒಬ್ಬ ಯಜಮಾನರು ಬಂದರು. ಮಗ ಜರ್ಮನಿಯಲ್ಲಿ ಓದುತ್ತಿದ್ದ. ಅವನ ರೂಮಿನ ಅಡ್ವಾನ್ಸನ್ನು ಮನೆ ಮಾಲೀಕರ ಖಾತೆಗೆ ಕಳಿಸಬೇಕಿತ್ತು. ವಿದೇಶಕ್ಕೆ ಹಣ ಕಳಿಸುವ ಎ2 ಫಾರಂ ತುಂಬಿದ್ದರು, ಪ್ಯಾನ್ ಕಾರ್ಡಿನ ಜೆರಾಕ್ಸ್ ತಂದಿದ್ದರು. ಖಾತೆ ನಂಬರ್ ಮಾತ್ರ ಬಸ್ ಟಿಕೆಟ್ಟಿನ ಹಿಂದೆ ಎರಡು ಸಾಲಿನಲ್ಲಿತ್ತು. ಮಗ ಫೋನಿನಲ್ಲಿ ಹೇಳಿದನಂತೆ, ಇವರು ಬರೆದುಕೊಂಡರಂತೆ.

ನಾನು ಟೈಪ್ ಮಾಡಿ ಎಂಟರ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪ್ಯೂಟರ್ ನಂಬರ್ ತಪ್ಪು ಅಂದಿತು. ಮಗನಿಗೆ ಫೋನ್ ಹಚ್ಚಿ ನೋಡಿದರೆ ನಿಜ, ಎರಡು ಅಂಕಿ ಹಿಂದುಮುಂದಾಗಿತ್ತು. ಯಜಮಾನರು ಕೇಳಿದರು: "ಸಾರ್, ಇದು ಜರ್ಮನಿಯವರನ್ನು ಕೇಳಲೇ ಇಲ್ವಲ್ಲ. ಇಲ್ಲೇ ಕೂತು ಹೇಗೆ ಕಂಡುಹಿಡೀತು?"

ಒಳ್ಳೆ ಪ್ರಶ್ನೆ, ಅಲ್ವಾ? ಅವತ್ತು ಸಾಲು ಉದ್ದವಿತ್ತು, ಪೂರ್ತಿ ಉತ್ತರ ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ಆ ನಂಬರಿನ ಹೆಸರು ಐಬ್ಯಾನ್, ಅಂದರೆ ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ನಂಬರ್. ಮೊದಲೆಲ್ಲ ಯುರೋಪಿನಲ್ಲಿ ಒಂದೊಂದು ದೇಶಕ್ಕೂ ಒಂದೊಂದು ಥರದ ಖಾತೆ ನಂಬರು. ಗಡಿ ದಾಟಿ ಹಣ ಕಳಿಸಿದರೆ ಯಾವ ಅಂಕಿ ಬ್ಯಾಂಕಿನದು, ಯಾವುದು ಖಾತೆಯದು ಎಂದು ಗೊತ್ತಾಗದೆ ಎಷ್ಟೋ ಹಣ ವಾಪಸ್ ಬರುತ್ತಿತ್ತು. ಅದಕ್ಕೇ 1997ರಲ್ಲಿ ಐಎಸ್‌ಒ 13616 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ಜಾಣತನ ಏನೆಂದರೆ, ಯಾವ ದೇಶಕ್ಕೂ ನಿನ್ನ ಹಳೇ ನಂಬರ್ ಬಿಟ್ಟುಬಿಡು ಅನ್ನಲಿಲ್ಲ. ಅದನ್ನು ಹಾಗೇ ಇಟ್ಟುಕೊಂಡು ಮುಂದೆ ಎರಡು ಅಕ್ಷರ, ಎರಡು ಅಂಕಿ ಅಂಟಿಸಿಕೋ ಅಂದಿತು. ಮೊದಲೆರಡು ದೇಶದ ಅಕ್ಷರ: ಜರ್ಮನಿಗೆ ಡಿಇ, ನಾರ್ವೆಗೆ ಎನ್ಒ. ನಮ್ಮ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಕಂಡಿರಬಹುದಾದದ್ದು ಎಇ, ಅಂದರೆ ದುಬೈ ಇರುವ ಯುಎಇ. ಆಮೇಲಿನ ಎರಡು ಅಂಕಿ ಕಾವಲುಗಾರರು. ಅವರ ಕಥೆಗೆ ಈಗಲೇ ಬರುತ್ತೇನೆ.

ಐಬ್ಯಾನಿನ ಉದ್ದ ದೇಶಕ್ಕೊಂದು ಥರ. ಅಕ್ಷರ, ಅಂಕಿ ಎಲ್ಲ ಸೇರಿ ನಾರ್ವೆಗೆ 15 ಸಾಕು. ಜರ್ಮನಿಗೆ 22, ಯುಎಇಗೆ 23, ಕುವೈತಿಗೆ 30. ಪುಟ್ಟ ದ್ವೀಪ ಮಾಲ್ಟಾಕ್ಕೆ 31 ಬೇಕು, ಯಾಕಪ್ಪಾ ಅಷ್ಟುದ್ದ ಅಂತ ನನಗೆ ಯಾವಾಗಲೂ ಅನಿಸುತ್ತಿತ್ತು. ಎಷ್ಟೇ ಉದ್ದವಾದರೂ 34 ದಾಟುವಂತಿಲ್ಲ. ಆದರೆ ಒಂದು ದೇಶದೊಳಗೆ ಎಲ್ಲರಿಗೂ ಒಂದೇ ಉದ್ದ. ಡಿಇ ಅಂತ ಶುರುವಾಗಿ 21 ಮಾತ್ರ ಇದ್ದರೆ ಮುಂದೆ ನೋಡುವುದೇ ಬೇಡ. ಯಾವ ಜಾಗದಲ್ಲಿ ಅಕ್ಷರ, ಯಾವ ಜಾಗದಲ್ಲಿ ಅಂಕಿ ಎಂಬುದೂ ಗಟ್ಟಿ. ಜರ್ಮನಿಯದರಲ್ಲಿ ಡಿಇ ಬಿಟ್ಟರೆ ಬರೀ ಅಂಕಿ: 2 ಕಾವಲಿಗೆ, 8 ಬ್ಯಾಂಕಿಗೆ, 10 ಖಾತೆಗೆ. ಬ್ಯಾಂಕಿನ ಆ 8 ಅಂಕಿ 7ರಿಂದ ಶುರುವಾದರೆ ಖಾತೆ ಅಲ್ಲಿಯ ಬವೇರಿಯಾ ರಾಜ್ಯದ ಕಡೆಯದು.

ಈಗ ಕಾವಲುಗಾರರು. ಹತ್ತಿರ ಪೆನ್ಸಿಲ್ ಇದ್ದರೆ ತಗೊಳ್ಳಿ. ಚಿಕ್ಕದು ಅಂತ ನಾರ್ವೆಯ ಒಂದು ಮಾದರಿ ನಂಬರ್ ಆರಿಸಿದ್ದೇನೆ. ಎನ್ಒ 93, ಆಮೇಲೆ 8601, 1117, 947. ಮುಂದಿನ ಎನ್ಒ 93 ಅನ್ನು ಕಿತ್ತು ಕೊನೆಗೆ ಹಾಕಿ. ಅಕ್ಷರಕ್ಕೆ ಅಂಕಿ ಕೊಡಿ: ಇಂಗ್ಲಿಷಿನ ಎ ಅಂದರೆ 10, ಬಿ ಅಂದರೆ 11, ಹೀಗೇ ಜಡ್‌ವರೆಗೆ 35. ಆ ಲೆಕ್ಕದಲ್ಲಿ ಎನ್ 23, ಒ 24. ಈಗ ಕೈಯಲ್ಲಿ 17 ಅಂಕಿಯ ಒಂದು ಸಂಖ್ಯೆ ಬಂತು. ಅದನ್ನು 97ರಿಂದ ಭಾಗಿಸಿ.

ಹೆದರಬೇಡಿ. ಸ್ಕೂಲಿನಲ್ಲಿ ಒಂದೊಂದೇ ಅಂಕಿ ಕೆಳಗಿಳಿಸಿ ಭಾಗಿಸುತ್ತಿದ್ದೆವಲ್ಲ, ಅದೇ. ಭಾಗಲಬ್ಧ ಬೇಡ, ಶೇಷ ಸಾಕು. ಮೊದಲ 9 ಅಂಕಿ ಮುಗಿಯುವಾಗ ಶೇಷ 54. ಇನ್ನೂ 7 ಅಂಕಿ ಇಳಿಸಿದರೆ 58. ಕೊನೆಯ 3 ಇಳಿಸಿದರೆ 583 ಆಯಿತು. 97 ಆರಲ 582. ಉಳಿದದ್ದು 1. ಒಂದು ಉಳಿದರೆ ನಂಬರ್ ಪಾಸ್.

ಈಗ ನಮ್ಮ ಯಜಮಾನರ ತಪ್ಪು ಮಾಡೋಣ. ಕೊನೆಯ 47 ಅನ್ನು 74 ಅಂತ ಬರೆಯಿರಿ. ಶೇಷ 51 ಬರುತ್ತದೆ. ಫೇಲ್. ಕಂಪ್ಯೂಟರ್ ಯಾರನ್ನೂ ಕೇಳಿರಲಿಲ್ಲ, ಬರೀ ಭಾಗಾಕಾರ ಮಾಡಿತ್ತು.

97ನ್ನೇ ಯಾಕೆ ಆರಿಸಿದರು? ಎರಡಂಕಿಯ ಅವಿಭಾಜ್ಯ ಸಂಖ್ಯೆಗಳಲ್ಲಿ ಅದೇ ದೊಡ್ಡದು. ಒಂದು ಅಂಕಿ ತಪ್ಪಾದರೂ, ಪಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿ ಅದಲುಬದಲಾದರೂ, ಸರಿ ಸಂಖ್ಯೆಗೂ ತಪ್ಪು ಸಂಖ್ಯೆಗೂ ಇರುವ ವ್ಯತ್ಯಾಸವನ್ನು 97 ನಿಶ್ಶೇಷವಾಗಿ ಭಾಗಿಸುವುದಿಲ್ಲ. ಅದಕ್ಕೇ ಆ ಎರಡು ಥರದ ತಪ್ಪು ಸಿಕ್ಕೇ ಸಿಗುತ್ತದೆ. ಕೈಯಲ್ಲಿ ಬರೆಯುವವರು ಜಾಸ್ತಿ ಮಾಡುವ ತಪ್ಪುಗಳೂ ಅವೇ. ಇನ್ನೊಂದು ಮಾತು: ಕಾವಲಿನ ಅಂಕಿ 02ರಿಂದ 98ರೊಳಗೇ ಇರುತ್ತದೆ. ದೇಶದ ಅಕ್ಷರದ ಪಕ್ಕ 00, 01 ಅಥವಾ 99 ಕಂಡರೆ ಲೆಕ್ಕ ಹಾಕುವ ಶ್ರಮವೇ ಬೇಡ.

ನಾರ್ವೆಯವರು ಇನ್ನೂ ಹುಷಾರು. ಅವರ 11 ಅಂಕಿಯ ಸ್ವಂತ ಖಾತೆ ನಂಬರಿನಲ್ಲೂ ಕೊನೆಯದು ಕಾವಲಿನ ಅಂಕಿ, ಅಲ್ಲಿ 97ರ ಬದಲು 11ರ ಲೆಕ್ಕ. ಅಂದರೆ ಬಾಗಿಲಿಗೆ ಎರಡು ಚಿಲಕ.

ನಮ್ಮ ದೇಶದಲ್ಲಿ ಐಬ್ಯಾನ್ ಇಲ್ಲ. ಅಮೆರಿಕದಲ್ಲೂ ಇಲ್ಲ. ನಮ್ಮದು ಖಾತೆ ನಂಬರ್, ಜೊತೆಗೆ 11 ಅಕ್ಷರದ ಐಎಫ್‌ಎಸ್‌ಸಿ. ಅದರ ಮೊದಲ ನಾಲ್ಕು ಬ್ಯಾಂಕು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆ. ಆ ಸೊನ್ನೆಯನ್ನು ಒ ಅಂತ ಓದಿ ಪೇಚಾಡುವವರನ್ನು ದಿನಾ ನೋಡಿದ್ದೇನೆ. ಖಾತೆ ನಂಬರಿನ ಉದ್ದ ಬ್ಯಾಂಕಿಗೊಂದು ಥರ. ಅದಕ್ಕೇ ನಮ್ಮಲ್ಲಿ ನಂಬರನ್ನು ಎರಡು ಸಲ ಟೈಪ್ ಮಾಡಿಸುತ್ತಾರೆ. ಕಣ್ಣು ತಪ್ಪು ಓದಿದ್ದರೆ ಎರಡು ಸಲವೂ ಅದೇ ತಪ್ಪು ಬೀಳುತ್ತದೆ, ಅದು ಬೇರೆ ಮಾತು.

ಹಾಗಂತ 97ನ್ನು ಪೂರ್ತಿ ನಂಬಿ ಕೂರಬೇಡಿ. ಇದು ನನಗೆ ಗೊತ್ತಾದದ್ದೂ ಅದೇ ಯಜಮಾನರಿಂದ. ಮುಂದಿನ ವರ್ಷ ಮಗ ಬೇರೆ ರೂಮಿಗೆ ಹೋದ. ಇವರು ಹೊಸ ಮಾಲೀಕರ ಹೆಸರು ಬರೆದು, ಫೋನಿನಲ್ಲಿದ್ದ ಹಳೇ ಮಾಲೀಕರ ನಂಬರ್ ಹಾಕಿದರು. ಲೆಕ್ಕ ಸರಿ ಬಂತು. ಬರದೇ ಏನು, ನಂಬರ್ ಸರಿಯಾಗಿಯೇ ಇತ್ತಲ್ಲ! ನಾನೂ ಸಹಿ ಹಾಕಿದೆ. ಅಲ್ಲಿಯ ಬ್ಯಾಂಕ್ ಹೆಸರು ನೋಡಲಿಲ್ಲ. ಐಬ್ಯಾನ್ ಪ್ರಕಾರ ಹಣ ಹಾಕಿದರೆ ಬ್ಯಾಂಕು ತನ್ನ ಕೆಲಸ ಸರಿಯಾಗಿ ಮಾಡಿದಂತೆ ಎನ್ನುತ್ತದೆ ಯುರೋಪಿನ ಕಾನೂನು.

ಆ ತೂತು ಮುಚ್ಚುವ ಕೆಲಸ ತೀರಾ ಈಚಿನದು. ನಮ್ಮ ರಿಸರ್ವ್ ಬ್ಯಾಂಕು ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಕಳಿಸುವ ಮೊದಲು ಹಣ ಪಡೆಯುವವರ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಿ ಎಂದು ಬ್ಯಾಂಕುಗಳಿಗೆ ಹೇಳಿತು. ಯೂರೋ ಬಳಸುವ ದೇಶಗಳಲ್ಲಿ ಹೆಸರು ಮತ್ತು ಐಬ್ಯಾನ್ ತಾಳೆ ನೋಡುವ ನಿಯಮ 2025ರ ಅಕ್ಟೋಬರ್ 9ರಿಂದ ಬಂತು. ಆದರೆ ಅದು ಯುರೋಪಿನ ಒಳಗಿನ ಯೂರೋ ಪಾವತಿಗೆ. ಇಲ್ಲಿಂದ ಕಳಿಸುವವರು ಹೆಸರನ್ನೂ ನಂಬರನ್ನೂ ತಾವೇ ಜೋಡಿಸಿ ಓದಿಕೊಳ್ಳಬೇಕು.

ಯಜಮಾನರ ಹಣ ಏನಾಯಿತು ಅಂದಿರಾ? ಹಳೇ ಮಾಲೀಕರು ಒಳ್ಳೆಯವರು, ವಾಪಸ್ ಕಳಿಸಿದರು. ಐದು ವಾರ ಹಿಡಿಯಿತು. ಎರಡೂ ಕಡೆಯ ಚಾರ್ಜು ಕಳೆದು ಬಂದ ಮೊತ್ತವನ್ನು ಅವರು ಕೌಂಟರಿನ ಮುಂದೆ ನಿಂತೇ ಲೆಕ್ಕ ಹಾಕಿದರು, ಮತ್ತೆ ಒಂದು ಬಸ್ ಟಿಕೆಟ್ಟಿನ ಹಿಂದೆ.