ಮೊದಲು ವೈರಿಂಗ್, ಆಮೇಲೆ ಮಡ್‌ಗಾರ್ಡಿಗೆ ಕೈ ಹಾಕಿ

ಹಳೆ ಬೈಕ್ ಕೊಂಡ ಮೊದಲ ವಾರವೇ ಹಿಂದಿನ ಮಡ್‌ಗಾರ್ಡ್ ಕತ್ತರಿಸುವವರ ಹತ್ತಿರ ಇವತ್ತು ಸ್ವಲ್ಪ ಜಗಳ ಆಡುವುದಿದೆ. ನೀವಿರುವುದು ಕಾಸರಗೋಡಿನಲ್ಲಿ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು. ಎಲ್ಲೋ ಒಣ ಊರಿನವರು ಮಾಡಿದ ವಿಡಿಯೋ ನೋಡಿಕೊಂಡು ಮಡ್‌ಗಾರ್ಡನ್ನು ಸೀಟಿನ ತುದಿಗೇ ತುಂಡು ಮಾಡಿದರೆ, ಜುಲೈಯಲ್ಲಿ ಬದಿಯಡ್ಕದಿಂದ ಕುಂಬಳೆಗೆ ಬರುವಷ್ಟರಲ್ಲಿ ಬೆನ್ನ ಮೇಲೆ ಕೆಂಪು ಮಣ್ಣಿನ ಉದ್ದ ಗೆರೆ. ಅಂಗಿ ಒಗೆಯಬಹುದು ಬಿಡಿ. ಅದೇ ಕೆಸರು ಸೀಟಿನ ಅಡಿಗೂ ಹೋಗುತ್ತದೆ ಅಲ್ವಾ, ಬ್ಯಾಟರಿ ಪೆಟ್ಟಿಗೆ, ಬ್ರೇಕ್ ಲೈಟಿನ ಜಾಯಿಂಟ್, ಅರ್ಥ್ ವೈರ್ ಎಲ್ಲ ಇರುವುದು ಅಲ್ಲಿಯೇ. ಆಮೇಲೆ "ಹಳೆ ಗಾಡಿ, ಕರೆಂಟಿನ ತೊಂದರೆ ಇದ್ದದ್ದೇ" ಅಂತ ಗೊಣಗುವುದು. ಗಾಡಿ ಹಳೆಯದಾದದ್ದಕ್ಕೆ ಬಂದ ತೊಂದರೆ ಅಲ್ಲ ಅದು, ನೀವೇ ಬಾಗಿಲು ತೆರೆದು ಕರೆದದ್ದು.

ನಾನು ಹೇಳುವುದು ಇಷ್ಟೇ. ಮೊದಲ ಸಲ ಹಳೆ ಬೈಕ್ ಕೊಂಡವರು ಮೊದಲು ಮುಟ್ಟಬೇಕಾದದ್ದು ವೈರಿಂಗನ್ನು. ಅದನ್ನು ಸ್ವಂತ ಕೈಯಿಂದಲೇ ಮಾಡಬೇಕು. ಚೆಂದ ಮಾಡುವುದೆಲ್ಲ ಆಮೇಲೆ, ಅದೂ ಬೇಕೆಂದಾಗ ಬೋಲ್ಟ್ ಬಿಚ್ಚಿ ಮೊದಲಿನ ಹಾಗೆ ಮಾಡಲು ಆಗುವಷ್ಟು ಮಾತ್ರ.

ಸ್ವಂತ ಕೈ ಯಾಕೆ? ಎಂಜಿನ್ ಕೆಲಸಕ್ಕೆ ಲೇತ್ ಬೇಕು, ಪ್ರೆಸ್ ಬೇಕು, ವರ್ಷಗಟ್ಟಲೆ ಪಳಗಿದ ಕೈ ಬೇಕು. ಕ್ರ್ಯಾಂಕ್, ಬೋರ್ ಎಲ್ಲ ಮೆಕ್ಯಾನಿಕ್‌ಗೆ ಬಿಡಿ. ನಮ್ಮ ಕಡೆಯ ಹಳೆ ಮೆಕ್ಯಾನಿಕ್‌ಗಳು ಆ ಕೆಲಸದಲ್ಲಿ ಗಟ್ಟಿಗರು. ಆದರೆ ವೈರಿಂಗಿಗೆ ಬೇಕಾದದ್ದು ತಾಳ್ಮೆ, ಒಂದು ಮಲ್ಟಿಮೀಟರ್, ಒಂದು ಒಳ್ಳೆಯ ಕ್ರಿಂಪಿಂಗ್ ಪ್ಲಯರ್. ತಾಳ್ಮೆ ಮಾತ್ರ ಗ್ಯಾರೇಜಿನಲ್ಲಿ ಸಿಗುವುದಿಲ್ಲ. ತಪ್ಪು ಅವರದ್ದಲ್ಲ. "ಸಂಜೆಗೆ ಗಾಡಿ ಬೇಕು ಅಣ್ಣ" ಅಂತ ನಾವು ನಿಂತರೆ ಅವರು ಏನು ಮಾಡುತ್ತಾರೆ? ಎಲ್ಲಿ ತುಂಡಾಗಿದೆ ಅಂತ ಹುಡುಕುವ ಬದಲು ಬ್ಯಾಟರಿಯಿಂದ ನೇರ ಒಂದು ವೈರ್ ಎಳೆದು, ತಿರುಚಿ, ಟೇಪ್ ಸುತ್ತಿ ಕಳಿಸುತ್ತಾರೆ. ನಿಮಗಿಂತ ಮೊದಲಿನ ಓನರ್ ಕೂಡ ಹಾಗೆಯೇ ನಿಂತಿದ್ದ. ಅವನಿಗಿಂತ ಮೊದಲಿನವನೂ ಹಾಗೆಯೇ. ಇವತ್ತು ನೀವು ಟ್ಯಾಂಕಿನ ಅಡಿಯಲ್ಲಿ ಟೇಪ್ ಬಿಚ್ಚಿ ನೋಡುವುದು ಅವರೆಲ್ಲರ ಸಂಜೆಗಳ ಗಂಟು.

ನಮ್ಮ ಕಡೆ ಹಳೆ ಬೈಕ್ ಅಂದರೆ ಜಾಸ್ತಿಯೂ ಜಾವಾ, ಯೆಜ್ಡಿ. ಅಡಿಕೆ ಗೋಣಿ ಹಿಂದೆ ಕಟ್ಟಿಕೊಂಡು ಘಟ್ಟದ ಬುಡದ ರಸ್ತೆಗಳಲ್ಲಿ ಓಡಿದ ಗಾಡಿಗಳು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಂದರೆ ಕಡೆಯ ಗಾಡಿಯ ವೈರಿಗೂ ಈಗ ಮೂವತ್ತರ ಹತ್ತಿರ ವಯಸ್ಸು. ಈಗ ಜಾವಾ, ಯೆಜ್ಡಿ ಹೆಸರಿನಲ್ಲಿ ಬರುವ ಹೊಸ ಬೈಕುಗಳೇ ಬೇರೆ, ಅವುಗಳ ಹಾರ್ನೆಸ್, ಅಂದರೆ ವೈರುಗಳ ಇಡೀ ಕಟ್ಟು, ಇದಕ್ಕೆ ಕೂರುವುದಿಲ್ಲ. ಕಡಲ ಗಾಳಿ ಹೊಡೆಯುವ ಮಂಜೇಶ್ವರ, ಉಪ್ಪಳದ ಕಡೆಯ ಗಾಡಿಯಾದರೆ ವೈರಿನ ಪ್ಲಾಸ್ಟಿಕ್ ಸುಲಿದು ನೋಡಿ. ತಾಮ್ರ ಕಪ್ಪಾಗಿರುತ್ತದೆ, ಜಾಯಿಂಟಿನಲ್ಲಿ ಹಸಿರು ಕಿಲುಬು. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಇರುತ್ತದೆ.

ಈ ಕಿಲುಬು ಏನು ಮಾಡುತ್ತದೆ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ. ಹಳೆಯ ಜಾವಾ, ಮೊದಮೊದಲ ಯೆಜ್ಡಿಗಳದ್ದು 6 ವೋಲ್ಟ್. 35 ವಾಟಿನ ಹೆಡ್‌ಲೈಟಿಗೆ 6 ವೋಲ್ಟಿನಲ್ಲಿ ಹತ್ತಿರ ಹತ್ತಿರ 6 ಆಂಪಿಯರ್ ಹರಿಯಬೇಕು. ದಾರಿಯಲ್ಲಿ ಸ್ವಿಚ್ಚು, ಜಾಯಿಂಟು, ಅರ್ಥ್ ಎಲ್ಲ ಸೇರಿ ಬರೀ 0.1 ಓಮ್ ತಡೆ ಇದ್ದರೂ ಅಲ್ಲಿಯೇ 0.6 ವೋಲ್ಟ್ ಹೋಯಿತು. ಹತ್ತರಲ್ಲಿ ಒಂದು ಪಾಲು. ಫಿಲಮೆಂಟ್ ಬಲ್ಬಿನ ಸ್ವಭಾವ ಹೇಗೆಂದರೆ ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಶೇಕಡಾ 30ರಷ್ಟು ಇಳಿಯುತ್ತದೆ. ತೋಟದ ಪೈಪಿನಲ್ಲಿ ಕಸ ಕೂತರೆ ಕೊನೆಯ ಜೆಟ್ ತಿರುಗದೆ ಸುಮ್ನೆ ನೀರು ಸೋರುತ್ತದೆ ನೋಡಿ, ಹಾಗೆ. ಅದೇ ಕಿಲುಬು 12 ವೋಲ್ಟಿನ ಗಾಡಿಯಲ್ಲಿದ್ದರೆ ಹರಿಯುವುದು 3 ಆಂಪಿಯರ್, ಕಳೆದುಹೋಗುವುದು 0.3 ವೋಲ್ಟ್, ನಿಮಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ "ಸಿಕ್ಸ್ ವೋಲ್ಟ್ ಲೈಟ್ ಅಂದರೆ ಮಿಣುಕು ದೀಪವೇ" ಅನ್ನುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹೊಸ ವೈರ್ ಹಾಕಿ, ಅರ್ಥ್ ಸರಿ ಮಾಡಿದ ಮೇಲೆ ಅದೇ ಬಲ್ಬ್ ಎಷ್ಟು ಉರಿಯುತ್ತದೆ ನೋಡಿ, ಆಮೇಲೆ ಮಾತಾಡೋಣ.

ಇನ್ನು ಎಲ್‌ಇಡಿ ಭೂತ. ಹಳೆ 250 ಸಿಸಿ ಜಾವಾದ ಡೈನಮೊ ಒಟ್ಟು 45 ವಾಟಿನದು. ಹೆಡ್‌ಲೈಟ್ 35 ತಿಂದಿತು, ಹಿಂದಿನ ದೀಪ 5. ಸ್ಪಾರ್ಕ್ ಹುಟ್ಟಿಸುವ ಪಾಯಿಂಟು, ಕಾಯಿಲಿಗೆ ಬೇಕಾದ ಕರೆಂಟೂ ಅಲ್ಲಿಂದಲೇ ಬರಬೇಕು. ಬ್ರೇಕ್ ಒತ್ತಿದರೆ, ಹಾರ್ನ್ ಹೊಡೆದರೆ ಸಾಲ ತೆಗೆಯುವುದು ಬ್ಯಾಟರಿಯಿಂದ. ಬ್ಯಾಟರಿ ಪೂರ್ತಿ ಬತ್ತಿದರೆ ಸ್ಪಾರ್ಕೇ ಇಲ್ಲ, ಗಾಡಿ ನಿಂತಿತು. ಇಂಥ ಲೆಕ್ಕದ ಮೇಲೆ ಜೀಪಿನ ಲೈಟ್ ಬಾರ್ ತಂದು ಕಟ್ಟುವವರಿಗೆ ಏನು ಹೇಳುವುದು? ಹಿಂದಿನ ದೀಪಕ್ಕೆ, ಇಂಡಿಕೇಟರಿಗೆ ಎಲ್‌ಇಡಿ ಹಾಕಿ, ನಾನೇ ಹಾಕಿ ಅನ್ನುತ್ತೇನೆ, ಕರೆಂಟ್ ಉಳಿಯುತ್ತದೆ. ಆದರೆ 6 ವೋಲ್ಟಿಗೆ ಸಿಗುವುದನ್ನೇ ಹುಡುಕಿ. ಇಂಡಿಕೇಟರನ್ನು ಮಿಟುಕಿಸುವ ಫ್ಲಾಶರನ್ನೂ ಎಲೆಕ್ಟ್ರಾನಿಕ್ ಆದದ್ದು ಹಾಕಿ, ಯಾಕೆಂದರೆ ಹಳೆ ಫ್ಲಾಶರ್ ಬಲ್ಬಿನ ಕರೆಂಟಿನಿಂದ ಬಿಸಿಯಾಗಿ ಕೆಲಸ ಮಾಡುವಂಥದ್ದು, ಎಲ್‌ಇಡಿಯ ಅಷ್ಟು ಕಮ್ಮಿ ಕರೆಂಟಿಗೆ ಅದು ಮಿಟುಕುವುದೇ ಇಲ್ಲ. ಹೆಡ್‌ಲೈಟಿನ ಹಳೆ ರಿಫ್ಲೆಕ್ಟರಿಗೆ ಸಿಕ್ಕಿದ ಎಲ್‌ಇಡಿ ತುರುಕುವುದು ಮಾತ್ರ ಬೇಡ. ಬೆಳಕು ರಸ್ತೆಗೆ ಬೀಳುವುದಿಲ್ಲ, ಎದುರಿನವರ ಕಣ್ಣಿಗೆ ಬೀಳುತ್ತದೆ.

ಪೇಂಟಿನ ವಿಷಯ. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿ, ಎಲ್ಲ ಹೊಸ ವೈರ್ ಹಾಕಿ, ಕೀ ತಿರುಗಿಸಿದರೆ ಒಂದು ದೀಪವೂ ಉರಿಯುವುದಿಲ್ಲ. ಇದನ್ನು ನಾನು ಎಷ್ಟೋ ಗಾಡಿಗಳಲ್ಲಿ ನೋಡಿದ್ದೇನೆ. ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ ಫ್ರೇಮು, ಅದರ ಮೇಲೆ ನೀವು ದಪ್ಪ ಪ್ಲಾಸ್ಟಿಕ್ ಪದರ ಹಾಕಿಸಿದ್ದೀರಿ. ಅರ್ಥ್ ಬೋಲ್ಟ್ ಕೂರುವ ಜಾಗವನ್ನು ಲೋಹ ಕಾಣುವವರೆಗೆ ಎಮರಿ ಪೇಪರಿನಲ್ಲಿ ಉಜ್ಜಬೇಕು, ಬಿಗಿ ಮಾಡಿದ ಮೇಲೆ ಗ್ರೀಸ್ ಹಚ್ಚಬೇಕು. ಅದಕ್ಕಿಂತ ಒಳ್ಳೆಯದು, ಪ್ರತಿ ದೀಪಕ್ಕೂ ಒಂದು ಅರ್ಥ್ ವೈರನ್ನೇ ಎಳೆದುಬಿಡಿ, ಫ್ರೇಮನ್ನು ನಂಬುವುದೇ ಬೇಡ. ಹಾಗೆಯೇ ಪೌಡರ್ ಕೋಟಿಂಗಿಗೆ ಕೊಡುವಾಗ ಚಾಸಿ ನಂಬರಿನ ಮೇಲೆ ಟೇಪ್ ಹಾಕಿಸಿ. ನಂಬರ್ ಪೇಂಟಿನಲ್ಲಿ ಮುಚ್ಚಿಹೋದರೆ ಆರ್‌ಸಿ ರಿನ್ಯೂವಲಿಗೆ ಹೋದಾಗ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಪ್ರಿಂಟ್ ಬರುವುದಿಲ್ಲ. ಗಾಡಿ ಇದೇ ಅಂತ ತೋರಿಸಲು ನೀವು ಒದ್ದಾಡಬೇಕು.

ಕೆಲಸ ಹೇಗೆ? ಹಳೆ ಹಾರ್ನೆಸ್ಸನ್ನು ಮೊದಲ ದಿನವೇ ಕತ್ತರಿಸಿ ಎಳೆಯಬೇಡಿ. ಅದು ಎಷ್ಟು ಕೆಟ್ಟಿದ್ದರೂ ನಿಮ್ಮ ಕೈಯಲ್ಲಿರುವ ನಕ್ಷೆ ಅದೊಂದೇ. ಫೋಟೋ ತೆಗೆಯಿರಿ, ಎಲ್ಲಿಂದ ಎಲ್ಲಿಗೆ ಅಂತ ಕಾಗದದಲ್ಲಿ ಗೀಚಿ, ಆಮೇಲೆ ಒಂದೊಂದೇ ಸರ್ಕ್ಯೂಟ್ ಹೊಸದು ಮಾಡಿ. ಮೊದಲು ಸ್ಪಾರ್ಕಿನದ್ದು, ಗಾಡಿ ಸ್ಟಾರ್ಟ್ ಆದ ಮೇಲೆ ಹೆಡ್‌ಲೈಟು, ಕೊನೆಗೆ ಹಾರ್ನು. ಆಟೋ ವೈರ್ ಅಂತ ಕೇಳಿ ತನ್ನಿ, ಮನೆ ವೈರಿಂಗಿನದ್ದು ಬೇಡ. ಅದರ ಎಳೆಗಳು ದಪ್ಪ, ಎಂಜಿನ್ನಿನ ಅದುರಿಗೆ ಮುರಿಯುತ್ತವೆ. ಬ್ಯಾಟರಿಯಿಂದ ಬರುವ ಮೇನಿಗೆ 2.5 ಸ್ಕ್ವೇರ್ ಮಿಲಿಮೀಟರ್, ಹೆಡ್‌ಲೈಟಿಗೆ 1.5, ಸಣ್ಣ ದೀಪಗಳಿಗೆ 0.75 ಸಾಕು. ಜಾಯಿಂಟಿಗೆ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಹಾಕಿ ಕ್ರಿಂಪಿಂಗ್ ಪ್ಲಯರಿನಲ್ಲಿ ಒತ್ತಿ. ಬೆಸುಗೆ ಹಾಕಿದರೆ ಸೀಸ ವೈರಿನೊಳಗೆ ಏರಿ ಗಟ್ಟಿಯಾಗುತ್ತದೆ, ಅದು ಮುಗಿಯುವ ತುದಿಯಲ್ಲಿಯೇ ತುಂಡಾಗುತ್ತದೆ. ಬ್ಯಾಟರಿಯ ಪಕ್ಕದಲ್ಲಿಯೇ 15 ಆಂಪಿಯರಿನ ಒಂದು ಫ್ಯೂಸ್ ಇರಲಿ. ಇದೊಂದು ಇಲ್ಲದಿದ್ದರೆ ಶಾರ್ಟ್ ಆದಾಗ ವೈರೇ ಫ್ಯೂಸ್ ಆಗುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ಇಂಗ್ಲೆಂಡಿನ ಹಳೆ ಬೈಕ್ ಕೊಂಡವರಿದ್ದರೆ ಒಂದು ಎಚ್ಚರ: ಅವುಗಳಲ್ಲಿ ಎಷ್ಟೋ ಗಾಡಿಗಳಿಗೆ ಬ್ಯಾಟರಿಯ ಪ್ಲಸ್ಸೇ ಫ್ರೇಮಿಗೆ ಹೋಗುವುದು. ಸುಮ್ನೆ ಅಭ್ಯಾಸದ ಮೇಲೆ ಮೈನಸ್ ಕಟ್ಟಬೇಡಿ. ಇದೆಲ್ಲ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಮೊದಲು ಮುಗಿಯಬೇಕು. ಮಳೆ ಶುರುವಾದ ಮೇಲೆ ತೇವದಲ್ಲಿ ಒತ್ತಿದ ಜಾಯಿಂಟ್ ಒಳಗಿನಿಂದಲೇ ಕಿಲುಬು ಹಿಡಿಯುತ್ತದೆ.

ಕಾನೂನಿನ ಮಾತು ಬಂದರೆ "ಹಳೆ ಗಾಡಿ ಅಲ್ವಾ, ಯಾರು ಕೇಳುತ್ತಾರೆ" ಅನ್ನುವವರಿದ್ದಾರೆ. ಕೇರಳದಲ್ಲಿ ಕೇಳುತ್ತಾರೆ. ಕಂಪೆನಿ ಮಾಡಿ ಆರ್‌ಸಿಯಲ್ಲಿ ಬರೆದದ್ದಕ್ಕಿಂತ ಗಾಡಿ ಬೇರೆಯಾಗುವ ಹಾಗೆ ಬದಲಾಯಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಆ ಕೇಸು ಹೋದದ್ದೇ ಕೇರಳದಿಂದ. ಅದೇ ವರ್ಷ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಮಂಗಳೂರು, ಪುತ್ತೂರಿನಿಂದ ಕೆಎ ನಂಬರಿನ ಗಾಡಿ ತಂದವರಿಗೆ ಇನ್ನೊಂದು ಗಂಟು: 12 ತಿಂಗಳಿಗಿಂತ ಜಾಸ್ತಿ ಇಲ್ಲಿಟ್ಟರೆ ಎನ್‌ಒಸಿ ತಂದು ಕೆಎಲ್ ನಂಬರ್ ಮಾಡಿಸಬೇಕು. ಆಗ ಇನ್ಸ್‌ಪೆಕ್ಟರ್ ಎದುರು ನಿಲ್ಲುವುದು ನೀವು ಕತ್ತರಿಸಿದ ಗಾಡಿ.

"ವಿಂಟೇಜ್ ಅಂತ ಮಾಡಿಸುತ್ತೇನೆ" ಅಂದರೆ ಅದಕ್ಕೂ ನಿಯಮ ಇದೆ. 2021ರ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಯೆಜ್ಡಿ ಅನ್ನುವ ಹೆಸರು ಶುರುವಾದದ್ದೇ 1973ರಲ್ಲಿ. ಹಾಗಾಗಿ ಹೆಚ್ಚಿನ ಯೆಜ್ಡಿಗಳು ಸರಕಾರದ ಲೆಕ್ಕದಲ್ಲಿ ಇನ್ನೂ ವಿಂಟೇಜ್ ಅಲ್ಲ, ಬರೀ ಹಳೆ ಬೈಕು. ವಿಂಟೇಜ್ ನಂಬರ್ ಸಿಕ್ಕಿದರೂ ದಿನಾ ಓಡಿಸಲು ಬಿಡುವುದಿಲ್ಲ.

ಇಷ್ಟು ಕೇಳಿ ನನ್ನನ್ನು "ಎಲ್ಲ ಒರಿಜಿನಲ್ಲೇ ಇರಬೇಕು" ಅನ್ನುವವರ ಗುಂಪಿಗೆ ಸೇರಿಸಬೇಡಿ. ಅವರ ಹತ್ತಿರವೂ ನನಗೆ ಜಗಳ ಇದೆ. ಫ್ಯೂಸ್ ಹಾಕಿದ್ದಕ್ಕೇ "ಗಾಡಿ ಹಾಳು ಮಾಡಿದಿರಿ" ಅಂದವರನ್ನು ನೋಡಿದ್ದೇನೆ. ಅವರ ಬೈಕ್ ಶೆಡ್ಡಿನಲ್ಲಿ ಹೊದಿಕೆಯ ಅಡಿಯಲ್ಲಿ ಇರುತ್ತದೆ, ನಮ್ಮದು ರಾತ್ರಿ ಯಕ್ಷಗಾನ ನೋಡಿಕೊಂಡು ಮುಳ್ಳೇರಿಯದಿಂದ ವಾಪಸ್ ಬರಬೇಕು. ಸೀಟಿಗೆ ಹೊಸ ಕವರ್, ಹಿಂದೆ ಕ್ಯಾರಿಯರ್, ಮೊಬೈಲಿಗೆ ಸಣ್ಣ ಚಾರ್ಜರ್, ಎಲ್ಲ ಹಾಕಿ. ಚಾರ್ಜರ್ ಮಾತ್ರ 6 ವೋಲ್ಟಿನಲ್ಲಿ ಓಡುವಂಥದ್ದಾ ಅಂತ ನೋಡಿ.

ಹ್ಯಾಂಡಲ್ ಬದಲಾಯಿಸಲೇಬೇಕು ಅನ್ನುವವರು ಹಳೆಯದನ್ನು ಗುಜರಿಗೆ ಕೊಡಬೇಡಿ, ಅಟ್ಟದಲ್ಲಿಡಿ. ಹೊಸದು ಕೂತ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ನಿಂತಲ್ಲಿಯೇ ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಎಂಜಿನ್ ತಾನಾಗಿ ರೇಸ್ ಆದರೆ ಕೇಬಲ್ ಗಿಡ್ಡ. ಬಂದ್ ಬಿದ್ದರೆ, ಲೈಟ್ ಮಿಟುಕಿದರೆ, ಹೆಡ್‌ಲೈಟ್ ಡೂಮಿನ ಹಿಂದೆ ವೈರ್ ಎಳೆದು ನಿಂತಿದೆ. ನಾಲ್ಕು ಬೆರಳಷ್ಟು ಸಡಿಲ ಕೊಟ್ಟು ಮತ್ತೆ ಲಗ್ ಒತ್ತಿ.